ಗುಲಾಬಿಗೆ ಹಸಿವು ಶುರುವಾದದ್ದು ಯಾವಾಗ?

ನರ್ಸರಿಯಿಂದ ಗುಲಾಬಿ ಗಿಡ ತಂದವರಿಗೆಲ್ಲ ಗೊತ್ತಿರುವ ವಿಷಯ: ಗಿಡದ ಬೆಲೆಗಿಂತ ಅದರ ಊಟದ ಖರ್ಚೇ ಜಾಸ್ತಿ. ಮೂಳೆ ಪುಡಿ ಒಂದು ಪ್ಯಾಕೆಟ್, ಬೇವಿನ ಹಿಂಡಿ ಒಂದು ಪ್ಯಾಕೆಟ್, ಎನ್‌ಪಿಕೆ ಅಂತ ಬರೆದ ಬಣ್ಣದ ಡಬ್ಬಿ, ಮೇಲೊಂದಿಷ್ಟು ಎಪ್ಸಮ್ ಉಪ್ಪು. ಹದಿನೈದು ದಿನಕ್ಕೊಮ್ಮೆ ಇದು, ತಿಂಗಳಿಗೊಮ್ಮೆ ಅದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೈಯಿಂದ ಕೈಗೆ ಓಡಾಡುವ ಒಂದು ವೇಳಾಪಟ್ಟಿ ಇದೆ. ಅದರ ಪ್ರಕಾರ ಫೆಬ್ರವರಿ ಕೊನೆಗೆ ಗಿಡ ಸವರಬೇಕು, ಮಾರ್ಚಿನಲ್ಲಿ ಮೊದಲ ಗೊಬ್ಬರ, ಜೂನಿನಲ್ಲಿ ಹೂ ಮುಗಿದ ಮೇಲೆ ಎರಡನೆಯದು, ಆಗಸ್ಟ್ ಆದಮೇಲೆ ಸಾರಜನಕದ ಗೊಬ್ಬರ ಮುಟ್ಟಲೇಬಾರದು.

ಆಗಸ್ಟ್ ಯಾಕೆ? ಕೇಳಿದರೆ ಯಾರಿಗೂ ಗೊತ್ತಿಲ್ಲ. ಹತ್ತು ವರ್ಷ ಹಳೆಯ ಕೋಡ್‌ನಲ್ಲಿ ಯಾರೋ ಒಂದು ಸಂಖ್ಯೆ ಬರೆದಿಟ್ಟು ಕಂಪನಿ ಬಿಟ್ಟು ಹೋಗಿರುತ್ತಾರಲ್ಲ, ಆ ತರಹದ್ದು. ತೆಗೆದರೆ ಏನಾಗುತ್ತೋ ಅಂತ ಎಲ್ಲರೂ ಹಾಗೇ ಬಿಟ್ಟಿರುತ್ತಾರೆ. ಆ ಸಂಖ್ಯೆ ಬರೆದವರು ಯಾರು ಅಂತ ಹುಡುಕುತ್ತಾ ಹೋದರೆ ಚೀನಾ, ಪೆರು, ಇಂಗ್ಲೆಂಡ್, ಜರ್ಮನಿ ಎಲ್ಲ ಸುತ್ತಿ, ಕೊನೆಗೆ ಶ್ರೀರಂಗಪಟ್ಟಣದ ಹತ್ತಿರದ ಬೆಳಗೊಳಕ್ಕೂ ಬಂದು ನಿಲ್ಲಬೇಕಾಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಗುಲಾಬಿ ಹುಟ್ಟಾ ಹೊಟ್ಟೆಬಾಕ ಅಲ್ಲ. ಯುರೋಪಿನ ಹಳೆಯ ಗುಲಾಬಿಗಳು, ಅಂದರೆ ಗ್ಯಾಲಿಕಾ, ಆಲ್ಬಾ, ನೂರು ಎಸಳಿನ ಸೆಂಟಿಫೋಲಿಯಾ, ಇವೆಲ್ಲ ನಮ್ಮೂರ ಮಾವಿನ ಮರದ ಹಾಗೆ. ವರ್ಷಕ್ಕೊಂದು ಸುಗ್ಗಿ. ಬೇಸಿಗೆಯ ಆರಂಭದಲ್ಲಿ ಕೆಲವು ವಾರ ಮೈತುಂಬ ಹೂ ಬಿಟ್ಟು, ಮುಂದಿನ ವರ್ಷದವರೆಗೆ ಸುಮ್ಮನೆ. ಶರತ್ಕಾಲದಲ್ಲಿ ಇನ್ನೊಮ್ಮೆ ಹೂ ಕೊಡುತ್ತಿದ್ದ ಒಂದು ಬಗೆಯ ಡಮಾಸ್ಕ್ ಗುಲಾಬಿಯೇ ಅಲ್ಲಿ ಅಪರೂಪದ್ದು. ಇಂಥ ಗಿಡಕ್ಕೆ ವೇಳಾಪಟ್ಟಿ ಯಾತಕ್ಕೆ? ಚಳಿಗಾಲದಲ್ಲಿ ಬುಡಕ್ಕೆ ಒಂದಿಷ್ಟು ಕುದುರೆ ಲದ್ದಿಯನ್ನೋ ಕೊಟ್ಟಿಗೆ ಗೊಬ್ಬರವನ್ನೋ ಹಾಕಿದರೆ ವರ್ಷದ ಊಟ ಮುಗಿಯಿತು.

ಇದು ಬದಲಾದದ್ದು ಚಹಾ ತರುತ್ತಿದ್ದ ಹಡಗುಗಳಿಂದ. 1790ರ ದಶಕದಿಂದ 1824ರ ನಡುವೆ ಚೀನಾದ ನಾಲ್ಕು ತೋಟದ ಗುಲಾಬಿಗಳು ಇಂಗ್ಲೆಂಡ್ ತಲುಪಿದವು. ಚೀನೀಯರು ಅವನ್ನು ಎಷ್ಟೋ ಶತಮಾನಗಳಿಂದ ಬೆಳೆಸುತ್ತಿದ್ದರು. ಆ ಗಿಡಗಳ ವಿಶೇಷ ಒಂದೇ: ಹೂ ಬಿಡುವುದನ್ನು ನಿಲ್ಲಿಸುವುದು ಅವಕ್ಕೆ ಗೊತ್ತೇ ಇರಲಿಲ್ಲ. ಬೆಚ್ಚಗಿದ್ದಷ್ಟು ದಿನ ಚಿಗುರು, ಚಿಗುರಿನ ತುದಿಗೆ ಮೊಗ್ಗು, ಹೂ ಉದುರಿದರೆ ಮತ್ತೆ ಚಿಗುರು.

ಇದಕ್ಕೆ ಕಾರಣ ಏನೆಂದು ವಿಜ್ಞಾನಿಗಳು ವಿವರಿಸಿದ್ದು ತೀರಾ ಈಚೆಗೆ, 2012ರಲ್ಲಿ. ಗುಲಾಬಿಯಲ್ಲಿ ಕೆಎಸ್‌ಎನ್ ಎಂಬ ಜೀನ್ ಇದೆ. ಅದರ ಕೆಲಸ 'ಸಾಕು, ಇನ್ನು ಹೂ ಬೇಡ' ಅಂತ ಗಿಡಕ್ಕೆ ಹೇಳುವುದು. ಚೀನಾದ ಗುಲಾಬಿಯಲ್ಲಿ ಆ ಜೀನ್‌ನ ಮಧ್ಯಕ್ಕೆ ಎಲ್ಲಿಂದಲೋ ಹಾರಿಬಂದ ಡಿಎನ್‌ಎ ತುಂಡೊಂದು ಸೇರಿಕೊಂಡು, ಬ್ರೇಕ್ ಕೆಲಸ ಮಾಡುವುದೇ ನಿಂತುಹೋಗಿದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಲೂಪ್ ನಿಲ್ಲಿಸುವ ಸಾಲನ್ನು ಯಾರೋ ಕಾಮೆಂಟ್ ಮಾಡಿಬಿಟ್ಟಿದ್ದಾರೆ. ಈ ಕೆಟ್ಟುಹೋದ ಬ್ರೇಕನ್ನೇ ಯುರೋಪಿನ ತಳಿಗಾರರು ಹತ್ತೊಂಬತ್ತನೇ ಶತಮಾನದುದ್ದಕ್ಕೂ ತಮ್ಮ ಗುಲಾಬಿಗಳಿಗೆ ಸೇರಿಸುತ್ತಾ ಹೋದರು. ಹೈಬ್ರಿಡ್ ಪರ್ಪೆಚುವಲ್ ಅನ್ನುವ ಗುಂಪು ಬಂತು. 1867ರಲ್ಲಿ ಫ್ರಾನ್ಸಿನ ಗಿಯೋ 'ಲಾ ಫ್ರಾನ್ಸ್' ತಂದ. ಹೈಬ್ರಿಡ್ ಟೀ ಎಂಬ ಹೊಸ ಗುಂಪಿನ ಮೊದಲ ಗುಲಾಬಿ ಅಂತ ಅದನ್ನೇ ಎಣಿಸುತ್ತಾರೆ. ಇವತ್ತು ನಮ್ಮ ಬಾಲ್ಕನಿಗಳಲ್ಲಿರುವ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚುಕಮ್ಮಿ ಅದೇ ವಂಶದವು.

ಲೆಕ್ಕ ಇಲ್ಲಿಂದ ಶುರು. ಪ್ರತಿ ಹೂವಿಗೂ ಹೊಸ ರೆಂಬೆ ಬೇಕು, ಪ್ರತಿ ರೆಂಬೆಗೂ ಹೊಸ ಎಲೆ ಬೇಕು. ವರ್ಷಕ್ಕೆ ಒಂದಿದ್ದ ಸುಗ್ಗಿ ಮೂರೋ ನಾಲ್ಕೋ ಆಯಿತು. ಅಷ್ಟು ಸಲವೂ ಎಲೆಗೆ ಸಾರಜನಕ, ಬೇರು-ಮೊಗ್ಗಿಗೆ ರಂಜಕ, ಕಾಂಡದ ಗಟ್ಟಿತನಕ್ಕೆ ಪೊಟ್ಯಾಷ್ ಮಣ್ಣಿನಿಂದಲೇ ಬರಬೇಕು. ಹೊಸ ಗುಲಾಬಿಯ ಜೊತೆಗೆ ಹೊಸ ಹಸಿವೂ ಹುಟ್ಟಿತು.

ಸರಿಯಾಗಿ ಅದೇ ಕಾಲಕ್ಕೆ ಗೊಬ್ಬರ ಅನ್ನೋದು ಅಂಗಡಿಯಲ್ಲಿ ಸಿಗುವ ಸರಕಾಯಿತು. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳಲಾರೆ. ಆದರೆ ಎರಡೂ ಒಟ್ಟಿಗೆ ಬೆಳೆದವು ಅನ್ನೋದು ಖರೆ. 1840ರಲ್ಲಿ ಜರ್ಮನಿಯ ಲೀಬಿಗ್, ಗಿಡಗಳು ಮಣ್ಣಿನಿಂದ ತಿನ್ನುವುದು ಖನಿಜಗಳನ್ನು ಅಂತ ಪುಸ್ತಕ ಬರೆದ. ಎಲ್ಲಕ್ಕಿಂತ ಕಡಿಮೆ ಇರುವ ಪೋಷಕಾಂಶವೇ ಬೆಳವಣಿಗೆಯ ಮಿತಿ ಎಂಬ ನಿಯಮ ಅವನ ಹೆಸರಿನಲ್ಲೇ ಓಡುತ್ತದೆ. ಅದನ್ನು ಮೊದಲು ಹೇಳಿದವನು ಶ್ಪ್ರೆಂಗೆಲ್ ಎಂಬ ಇನ್ನೊಬ್ಬ ಜರ್ಮನ್. ಕೆಲಸ ಒಬ್ಬರದು, ಹೆಸರು ಮ್ಯಾನೇಜರಿನದು; ಹೊಸದೇನಲ್ಲ ಬಿಡಿ. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್, ರಂಜಕವಿರುವ ಖನಿಜಕ್ಕೆ ಗಂಧಕಾಮ್ಲ ಬೆರೆಸಿ ಸೂಪರ್ ಫಾಸ್ಫೇಟ್ ಮಾಡುವುದಕ್ಕೆ ಪೇಟೆಂಟ್ ಪಡೆದ. ಅದೇ ದಶಕದಲ್ಲಿ ಪೆರುವಿನ ಚಿಂಚಾ ದ್ವೀಪಗಳಿಂದ ಗ್ವಾನೋ ಬರತೊಡಗಿತು. ಗ್ವಾನೋ ಅಂದರೆ ಕಡಲ ಹಕ್ಕಿಗಳ ಹಿಕ್ಕೆ. ಅಲ್ಲಿ ಮಳೆ ಬೀಳುವುದೇ ಅಪರೂಪವಾದ್ದರಿಂದ ಸಾವಿರಾರು ವರ್ಷಗಳ ಹಿಕ್ಕೆ ಸತ್ವ ಕಳೆದುಕೊಳ್ಳದೆ ಗುಡ್ಡಗುಡ್ಡವಾಗಿ ಕೂತಿತ್ತು. ಅದನ್ನು ಅಗೆಯುವುದಕ್ಕೆ 1849ರಿಂದ ಚೀನಾದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ತುಂಬಿ ತಂದರು. ಕಣ್ಣು ಮೂಗು ಉರಿಸುವ ಆ ಧೂಳಿನಲ್ಲಿ ಸತ್ತವರು ಬಹಳ. ಬದುಕು ಸಾಕಾಗಿ ಸಮುದ್ರಕ್ಕೆ ಹಾರಿದವರೂ ಇದ್ದರು. 1870ರ ದಶಕದಲ್ಲಿ ಗುಡ್ಡ ಕರಗಿ ಖಾಲಿಯಾಗುವಷ್ಟು ವೇಗದಲ್ಲಿ ಅಗೆದರು. ನಿಲ್ಲದೆ ಹೂ ಬಿಡುವ ಗಿಡವೂ ಚೀನಾದ್ದು, ಅದರ ಊಟ ಅಗೆದು ಕೊಟ್ಟವರೂ ಚೀನಾದವರು.

ಇನ್ನು ಮೂಳೆ. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಯುರೋಪಿನ ರಣರಂಗಗಳಿಂದ ಮನುಷ್ಯರ, ಕುದುರೆಗಳ ಮೂಳೆ ಇಂಗ್ಲೆಂಡಿನ ಹಲ್ ಬಂದರಿಗೆ ಬಂದು, ಪುಡಿಯಾಗಿ, ಹೊಲ ಸೇರುತ್ತಿದೆ ಅಂತ 1822ರಲ್ಲೇ ಪತ್ರಿಕೆಗಳು ಬರೆದಿದ್ದವು. ಇಂಗ್ಲೆಂಡು ಬೇರೆ ದೇಶಗಳ ಮಣ್ಣಿನ ಸತ್ವವನ್ನು ಕದಿಯುತ್ತಿದೆ, ಲೈಪ್ಜಿಗ್, ವಾಟರ್ಲೂ, ಕ್ರಿಮಿಯಾದ ರಣರಂಗಗಳನ್ನೂ ಬಿಡಲಿಲ್ಲ ಅಂತ ಲೀಬಿಗ್ ಆಮೇಲೆ ಸಿಟ್ಟಿನಿಂದ ಬೈದ. ನಮ್ಮ ದೇಶದಿಂದಲೂ ಮೂಳೆ ಹೋಗುತ್ತಿತ್ತು. ಭಾರತದ ಬೇಸಾಯ ನೋಡಲು ಬಂದಿದ್ದ ರಸಾಯನತಜ್ಞ ವೋಲ್ಕರ್ 1893ರ ತನ್ನ ವರದಿಯಲ್ಲಿ, ಮೂಳೆ ಮತ್ತು ಎಣ್ಣೆಬೀಜ ಹಡಗು ಹತ್ತಿದರೆ ಅದರ ಜೊತೆ ಹೊಲದ ಸತ್ವವೂ ಹೋದಂತೆ ಅಂತ ಎಚ್ಚರಿಸಿದ್ದ. ನಮ್ಮ ರೈತರು ಮೂಳೆ ಮುಟ್ಟಲು ಹಿಂಜರಿಯುತ್ತಾರೆ ಅನ್ನುವುದನ್ನೂ ಅವನು ಗಮನಿಸಿದ್ದ. ಮಧುಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಚಿಕ್ಕವನಿದ್ದಾಗಲೂ ಹಾಗೇ ಇತ್ತು. ಸತ್ತ ದನವನ್ನು ಎಳೆದುಕೊಂಡು ಹೋಗುವವರು, ಮೂಳೆ ಆರಿಸಿ ಮಾರುವವರು ಊರ ಹೊರಗಿನ ಕೇರಿಯವರೇ. ಅವರನ್ನು ಮನೆಯ ಜಗಲಿ ಹತ್ತಿಸುತ್ತಿರಲಿಲ್ಲ. ಈಗ ಅದೇ ಮೂಳೆ ಜಿಪ್ ಹಾಕಿದ ಪೊಟ್ಟಣದಲ್ಲಿ ಬೋನ್ ಮೀಲ್ ಎಂಬ ಹೆಸರಲ್ಲಿ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಮನೆ ಬಾಡಿಗೆಗೆ ಕೊಡದ ಮಾಲೀಕರ ಬಾಲ್ಕನಿಗೂ ಸಲೀಸಾಗಿ ಹೋಗುತ್ತದೆ. ಗುಲಾಬಿಯ ಜಾತಿ ಕೆಡುವುದಿಲ್ಲ ಅಂತ ಕಾಣುತ್ತೆ.

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಗುಲಾಬಿಯ ಹುಚ್ಚು ಎಷ್ಟಿತ್ತು ಅನ್ನೋದಕ್ಕೆ ರೆನಾಲ್ಡ್ಸ್ ಹೋಲ್ ಎಂಬ ಪಾದ್ರಿಯನ್ನು ನೋಡಬೇಕು. 1858ರಲ್ಲಿ ಲಂಡನ್ನಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ನಡೆಸಿದವನು, 1869ರಲ್ಲಿ ಗುಲಾಬಿ ಬಗ್ಗೆ ಬಹಳ ಜನಪ್ರಿಯವಾದ ಪುಸ್ತಕ ಬರೆದವನು. ಅದರಲ್ಲಿ ಗೊಬ್ಬರಕ್ಕೇ ಒಂದು ಅಧ್ಯಾಯ. ಕೊಟ್ಟಿಗೆ ಗೊಬ್ಬರಕ್ಕೆ ಸಮನಾದದ್ದು ಇನ್ನೊಂದಿಲ್ಲ ಅನ್ನೋದು ಅವನ ವಾದ. ಆದರೆ ನನಗೆ ಆ ಪುಸ್ತಕದಲ್ಲಿ ನೆನಪುಳಿದದ್ದು ಬೇರೆ. ನಾಟಿಂಗ್‌ಹ್ಯಾಮ್‌ನ ಕಾರ್ಮಿಕರು ಏಪ್ರಿಲ್ ತಿಂಗಳಲ್ಲಿ ಗುಲಾಬಿ ಪ್ರದರ್ಶನ ಇಟ್ಟು ಅವನನ್ನು ಕರೆಯುತ್ತಾರೆ. ಇಷ್ಟು ಚಳಿಯಲ್ಲಿ ಹೂ ಹೇಗೆ ಉಳಿಸಿಕೊಂಡಿರಿ ಅಂದರೆ, ಹಿಮ ಬಿದ್ದ ರಾತ್ರಿ ತಮ್ಮ ಹಾಸಿಗೆಯ ಕಂಬಳಿಯನ್ನೇ ಗಿಡಗಳಿಗೆ ಹೊದಿಸಿದ್ದು ಹೊರಗೆ ಬೀಳುತ್ತದೆ. ತುಂಡು ಜಾಗದಲ್ಲಿ ಗುಲಾಬಿ ಸಾಕುವ ಬಾಡಿಗೆ ಮನೆಯವರೆಲ್ಲ ಇವರ ವಂಶದವರೇ.

ಹೋಲ್‌ನ ತಿಪ್ಪೆ ಗೊಬ್ಬರದ ಕಾಲ ಮುಗಿಯುತ್ತಾ ಬಂದ ಹಾಗೆ ಲೆಕ್ಕಾಚಾರದವರು ಬಂದರು. ಟಾಂಕ್ಸ್ ಎಂಬವನು ಗುಲಾಬಿ ಗಿಡವನ್ನು ಸುಟ್ಟು, ಬೂದಿಯಲ್ಲಿ ಏನೇನಿದೆ ನೋಡಿ, ಅದಕ್ಕೆ ಸರಿಯಾಗಿ ಒಂದು ಮಿಶ್ರಣ ಬರೆದ: ಸೂಪರ್ ಫಾಸ್ಫೇಟ್ 12 ಭಾಗ, ಪೆಟ್ಲುಪ್ಪು 10, ಎಪ್ಸಮ್ ಉಪ್ಪು 2, ಅನ್ನಭೇದಿ 1, ಜಿಪ್ಸಮ್ 8. ನಮ್ಮ ಡಬ್ಬಿಯ ಮೇಲಿನ ಎನ್‌ಪಿಕೆ ಅಂಕಿಗಳ ಮುತ್ತಜ್ಜ ಅನ್ನಬಹುದು. ಇದರಲ್ಲಿ ಪೆಟ್ಲುಪ್ಪಿಗೂ ಒಂದು ಕಥೆ ಇದೆ. ಒಂದು ಕಾಲಕ್ಕೆ ಜಗತ್ತಿಗೆ ಅದನ್ನು ಹೆಚ್ಚಾಗಿ ಒದಗಿಸುತ್ತಿದ್ದದ್ದು ಬಿಹಾರ. ನೂನಿಯಾ ಎಂಬ ಜಾತಿಯವರು ದನ ಕಟ್ಟುವ ಜಾಗದ, ಹಳೇ ಮಣ್ಣಿನ ಗೋಡೆಗಳ ಬುಡದ ಮಣ್ಣು ಕೆರೆದು, ನೀರಲ್ಲಿ ಸೋಸಿ, ಕುದಿಸಿ ತೆಗೆಯುತ್ತಿದ್ದರು. ದನದ ಗಂಜಲದ ಸಾರಜನಕವೇ ಅದು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಕೊಂಡದ್ದು ಗುಲಾಬಿಗಲ್ಲ, ಕೋವಿಮದ್ದಿಗೆ.

ಈಗ ಆಗಸ್ಟ್ ವಿಷಯ. ಇಂಗ್ಲೆಂಡಿನಲ್ಲಿ ಅಕ್ಟೋಬರ್, ನವೆಂಬರಿಗೆ ಹಿಮ ಬೀಳಲು ಶುರು. ಆಗಸ್ಟ್ ಆದಮೇಲೆ ಸಾರಜನಕ ಕೊಟ್ಟರೆ ಗಿಡ ಎಳೆ ಚಿಗುರು ಬಿಡುತ್ತದೆ, ಚಿಗುರು ಬಲಿಯುವ ಮೊದಲೇ ಹಿಮ ಬಿದ್ದು ಸುಟ್ಟುಹೋಗುತ್ತದೆ. ಫೆಬ್ರವರಿ-ಮಾರ್ಚಿನ ಲೆಕ್ಕವೂ ಅಷ್ಟೇ. ಮಣ್ಣು ತಣ್ಣಗಿರುವಾಗ ಅದರೊಳಗಿನ ಸೂಕ್ಷ್ಮಜೀವಿಗಳು ನಿಧಾನ, ಆದ್ದರಿಂದ ಹಿಂಡಿ, ಮೂಳೆ, ಸಗಣಿ ಮುಂಚಿತವಾಗಿ ಹಾಕಿದರೆ ಚಿಗುರುವ ಹೊತ್ತಿಗೆ ಕರಗಿ ಸಿದ್ಧವಾಗಿರುತ್ತವೆ. ಎಲ್ಲವೂ ಸರಿಯೇ, ಆ ಊರಿಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬಾರದ ಹಿಮಕ್ಕೆ ಹೆದರಿ ನಾವು ಆಗಸ್ಟಿನಿಂದ ಗಿಡಕ್ಕೆ ಉಪವಾಸ ಮಾಡಿಸುತ್ತಿದ್ದೇವೆ. ಇಲ್ಲಿ ಗುಲಾಬಿಗೆ ಅತ್ಯುತ್ತಮ ಕಾಲ ಅಂದರೆ ಮಳೆ ಹಿಂದೆ ಸರಿದ ಮೇಲಿನ ಚಳಿಗಾಲ!

ಹಾಗಂತ ನಮ್ಮಲ್ಲಿ ಲೆಕ್ಕವೇ ಇರಲಿಲ್ಲ ಅಂದುಕೊಳ್ಳಬೇಡಿ. ಉತ್ತರ ಭಾರತದ ಮಾಲಿಗಳು ಮಳೆ ಮುಗಿಯುತ್ತಲೇ ಗುಲಾಬಿ ಬುಡದ ಮಣ್ಣು ಬಿಡಿಸಿ, ಬೇರನ್ನು ಕೆಲವು ದಿನ ಬಿಸಿಲು ಗಾಳಿಗೆ ಬಿಟ್ಟು, ಆಮೇಲೆ ಹಳೇ ಗೊಬ್ಬರ ಬೆರೆಸಿ ಮುಚ್ಚುತ್ತಿದ್ದರು. ಇದಕ್ಕೆ ತೋಟಗಾರಿಕೆ ಪುಸ್ತಕಗಳಲ್ಲಿ 'ವಿಂಟರಿಂಗ್' ಅಂತ ಹೆಸರು. ಹಿಮ ಬೀಳದ ಊರಿನಲ್ಲಿ ಗಿಡಕ್ಕೆ ಒಂದು ಚಳಿಗಾಲವನ್ನು ಕೈಯಿಂದಲೇ ಮಾಡಿಕೊಡುವುದು. ಕೆಟ್ಟ ಬ್ರೇಕಿಗೆ ಕಾಲು ಕೊಟ್ಟು ಗಾಡಿ ನಿಲ್ಲಿಸಿದ ಹಾಗೆ. ನಮ್ಮ ಹಳ್ಳಿಯಲ್ಲಿ ಗುಲಾಬಿ ಬೆಳೆದವರು ಕಡಿಮೆ, ಆದರೆ ಗೊಬ್ಬರಕ್ಕೆ ಕಾಲ ಇತ್ತು. ಯುಗಾದಿ ಕಳೆದ ಮೇಲೆ ತಿಪ್ಪೆ ಬಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯೋದು, ಮೊದಲ ಮಳೆ ಬಿದ್ದಾಗ ಉತ್ತು ಮಣ್ಣಿಗೆ ಸೇರಿಸೋದು. ಬೇಸಿಗೆಯಲ್ಲಿ ಕುರುಬರು ಬಂದರೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋದು. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿ ಹಿಕ್ಕೆ-ಗಂಜಲ ಹಾಕಿದ್ದಕ್ಕೆ ಕುರುಬರಿಗೆ ರಾಗಿ ಕೊಡಬೇಕು. ಗುಲಾಬಿಗೆ ಹದಿನೈದು ದಿನಕ್ಕೊಮ್ಮೆ ಗೊಬ್ಬರ ಅಂತ ಫೋನಿನಲ್ಲಿ ಹೇಳಿದಾಗ ಅವ್ವ ನಕ್ಕಿದ್ದು ಇನ್ನೂ ನೆನಪಿದೆ. "ರಾಗಿಗೇ ವರ್ಷಕ್ಕೊಂದು ಸಲ ಕಣಪ್ಪ ಹಾಕೋದು. ಅದೇನು ಬಾಣಂತಿನಾ, ಹೊತ್ತೊತ್ತಿಗೆ ಇಕ್ಕೋಕೆ?" ಅವ್ವ ಹೇಳಿದ ಹೋಲಿಕೆ ಎಷ್ಟು ಸರಿ ಅಂತ ಕೆಎಸ್‌ಎನ್ ಜೀನ್ ಬಗ್ಗೆ ಓದಿದ ಮೇಲೆ ಗೊತ್ತಾಯಿತು. ಹೆರಿಗೆ ಮೇಲೆ ಹೆರಿಗೆ ಆಗುವ ಬಾಣಂತಿಯೇ ಅದು.

ಹಕ್ಕಿ ಹಿಕ್ಕೆ ಮುಗಿದ ಮೇಲೆ ಜಗತ್ತು ಚಿಲಿಯ ನೈಟ್ರೇಟಿನ ಮೇಲೆ ನಿಂತಿತು, ಆಮೇಲೆ ಗಾಳಿಗೇ ಕೈ ಹಾಕಿತು. 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಕಾರ್ಖಾನೆಯಾಗಿಸಿದ. ಇದೇ ಹೇಬರ್ 1915ರ ಏಪ್ರಿಲಿನಲ್ಲಿ ಈಪ್ರ ರಣರಂಗದಲ್ಲಿ ಕ್ಲೋರಿನ್ ಅನಿಲ ಬಿಡುವುದರ ಮುಂದಾಳು. ಇವನಿಗೇ 1918ರ ನೊಬೆಲ್. ಓಪ್ಪೌ ಕಾರ್ಖಾನೆಯದು ಇನ್ನೊಂದು ದುರಂತ. ಮಳೆಗಾಲದಲ್ಲಿ ನಮ್ಮ ಗೊಬ್ಬರದ ಡಬ್ಬಿ ಗಟ್ಟಿ ಕಟ್ಟುತ್ತದಲ್ಲ, ಅಲ್ಲಿಯ ಗೋದಾಮಿನಲ್ಲೂ ಸಾವಿರಾರು ಟನ್ ಗೊಬ್ಬರ ಹಾಗೇ ಕಲ್ಲಾಗುತ್ತಿತ್ತು. ಅದನ್ನು ಸಡಿಲಿಸಲು ಸಿಡಿಮದ್ದು ಇಡುವುದು ಅಲ್ಲಿ ವಾಡಿಕೆಯೇ ಆಗಿತ್ತು. 1921ರ ಸೆಪ್ಟೆಂಬರ್ 21ರಂದು ಗೊಬ್ಬರವೇ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು.

ಗಾಳಿಯಿಂದ ಗೊಬ್ಬರ ಮಾಡುವ ಈ ವಿದ್ಯೆ ನಮ್ಮ ದೇಶಕ್ಕೆ ಮೊದಲು ಬಂದದ್ದು ಮೈಸೂರು ಸಂಸ್ಥಾನಕ್ಕೆ. 1930ರ ದಶಕದ ಕೊನೆಯಲ್ಲಿ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಮೋನಿಯಂ ಸಲ್ಫೇಟ್ ತಯಾರಿಸಿತು. ಅದೇ ಹೊತ್ತಿಗೆ, 1939ರಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಿ. ಎನ್. ಆಚಾರ್ಯ ಪೂರ್ತಿ ಉಲ್ಟಾ ದಾರಿ ಹಿಡಿದಿದ್ದರು. ಊರ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮಣ್ಣು ಮುಚ್ಚಿ, ತಿರುವಿಹಾಕದೆ ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡುವ ವಿಧಾನ. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ರೂಪಿಸಿದ್ದಕ್ಕೆ 'ಇಂದೋರ್ ವಿಧಾನ' ಅಂತ ಹೆಸರಾದರೆ, ಇದು ಕೃಷಿ ಪಠ್ಯಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ' ಅಂತಲೇ ಇದೆ. ಬಿಎಸ್ಸಿ ಅಗ್ರಿ ಓದುವ ಹುಡುಗರು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಕಾಂಪೋಸ್ಟಿಗೆ ತನ್ನ ಹೆಸರನ್ನೇ ಕೊಟ್ಟ ಊರು ಆಮೇಲೆ ತನ್ನ ಕಸವನ್ನೆಲ್ಲ ಲಾರಿಯಲ್ಲಿ ತುಂಬಿ ಮಾವಳ್ಳಿಪುರ, ಮಂಡೂರಿನ ಜನರ ಮೂಗಿನ ಮುಂದೆ ಸುರಿಯಿತು. ಮಂಡೂರಿನವರು ಬೀದಿಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು.

ಗುಲಾಬಿ ಮತ್ತು ಗೊಬ್ಬರದ ಕಥೆ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದು ಬಿ. ಪಿ. ಪಾಲ್ ಅವರಲ್ಲಿ. ತುಕ್ಕುರೋಗ ತಡೆಯುವ ಗೋಧಿ ತಳಿಗಳನ್ನು ಬೆಳೆಸಿದ ವಿಜ್ಞಾನಿ, 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕ. ಹೆಚ್ಚು ಗೊಬ್ಬರ ತಿಂದು ಹೆಚ್ಚು ಇಳುವರಿ ಕೊಡುವ ಗಿಡ್ಡ ಗೋಧಿ ದೇಶದ ಹೊಲಗಳಿಗೆ ಇಳಿದದ್ದು ಅವರ ಕಾಲದಲ್ಲೇ. ಬಿಡುವಿನಲ್ಲಿ ಅದೇ ಮನುಷ್ಯ ಗುಲಾಬಿ ತಳಿ ಬೆಳೆಸುತ್ತಿದ್ದರು, ನೂರರ ಆಸುಪಾಸು. ಭಾರತದ ಗುಲಾಬಿಗಳ ಬಗ್ಗೆ ಅವರು ಬರೆದ ಪುಸ್ತಕ, ನಮ್ಮ ಬಿಸಿಲು, ನಮ್ಮ ಮಳೆಗೆ ತಕ್ಕಂತೆ ಗುಲಾಬಿ ಸಾಕುವುದಕ್ಕೆ ಆಧಾರವಾಯಿತು.

ನಾನೀಗ ಆಗಸ್ಟ್ ಬಿಟ್ಟು ಮಳೆ ನಕ್ಷತ್ರಗಳ ಲೆಕ್ಕ ಹಿಡಿದಿದ್ದೇನೆ. ಹಸ್ತ ಕಳೆದು ಚಿತ್ತೆ ಮಳೆ ಹನಿ ಕಡಿಮೆಯಾಗುವ ಅಕ್ಟೋಬರ್ ಮಧ್ಯಕ್ಕೆ ಸವರುವುದು. ಅದೇ ವಾರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಚಿಗುರು ಗೇಣುದ್ದ ಆದಾಗ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿನೀರು. ಸವರಿದ ಆರೇಳು ವಾರಕ್ಕೆ, ಡಿಸೆಂಬರ್ ಹೊತ್ತಿಗೆ, ಹೂ. ಹೂ ಮುಗಿದ ಮೇಲೆ ಇನ್ನೊಂದು ಸುತ್ತು. ಏಪ್ರಿಲ್ ಬಿಸಿಲಿಗೆ ಕುಂಡದಲ್ಲಿ ರಾಸಾಯನಿಕ ಗೊಬ್ಬರ ಹಾಕುವುದಿಲ್ಲ, ಒಣ ಮಣ್ಣಿನಲ್ಲಿ ಉಪ್ಪು ಬೇರನ್ನು ಸುಡುತ್ತದೆ. ಜೋರು ಮಳೆಗಾಲದಲ್ಲಿ ಹಾಕಿದ್ದೆಲ್ಲ ಕುಂಡದ ತೂತಿನಿಂದ ಕೆಳಗಿನ ಮನೆಯವರ ಬಾಲ್ಕನಿಗೆ ಹರಿಯುತ್ತದೆ. ಅವರ ತುಳಸಿ ಸೊಂಪಾಗಿದೆ.

ಹೊಸದಾಗಿ ಗಿಡ ತಂದವರು ಬುಡದ ಹತ್ತಿರ ಗಂಟಿನಂತಿರುವ ಕಸಿಯ ಜಾಗವನ್ನು ಒಮ್ಮೆ ನೋಡಿ. ಅದರ ಮೇಲಿರುವುದು ನೀವು ದುಡ್ಡು ಕೊಟ್ಟ ಗುಲಾಬಿ. ಕೆಳಗಿರುವುದು ಬೇರೆಯದೇ ಒಂದು ಗುಲಾಬಿ. ನಮ್ಮ ದೇಶದ ನರ್ಸರಿಗಳಲ್ಲಿ ಬುಡಕ್ಕೆ ಬಳಸುವ ಗಿಡಗಳಲ್ಲಿ ಎಡ್ವರ್ಡ್ ಎಂಬುದು ಒಂದು. ಹಿಂದೂ ಮಹಾಸಾಗರದ ಬೂರ್ಬಾನ್ ದ್ವೀಪದಲ್ಲಿ, ಬೇಲಿಗೆ ಹಾಕಿದ ಚೀನಾದ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ತಾನಾಗಿ ಹುಟ್ಟಿದ ಮಿಶ್ರತಳಿ ಅದು. ಹಾಕಿದ ಗೊಬ್ಬರವನ್ನೆಲ್ಲ ತಿನ್ನುವುದು ಆ ಬೇರು. ಹೂ ಬಿಟ್ಟು ಫೋಟೋಗೆ ನಿಲ್ಲುವುದು ಮೇಲಿನದು. ಗಂಟಿನ ಕೆಳಗಿನಿಂದ ಏನಾದರೂ ಚಿಗುರು ಬಂದರೆ ಕಿತ್ತು ಬಿಸಾಕಿ ಅಂತ ನರ್ಸರಿಯವರು ಹೇಳಿಯೇ ಕಳಿಸುತ್ತಾರೆ.